ಚಪ್ಪಟೆ ಸೂರಿಗೊಂದು ಮಳೆ

ನಾವು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿ ಮನೆ ಹುಡುಕಿದ ಬೇಸಿಗೆಯ ಬಗ್ಗೆ ನನ್ನ ಡೈರಿಯಲ್ಲಿ ಇರುವುದು ತೀರ ಕಡಿಮೆ. "ಇವತ್ತು ಮೂರು ಮನೆ. ತಲೆನೋವು." ಇನ್ನೊಂದು ಪುಟದಲ್ಲಿ, "ಇವತ್ತೂ ಮಳೆ ಇಲ್ಲ." ಉಳಿದದ್ದನ್ನೆಲ್ಲ ನೆನಪಿನಿಂದ ತೆಗೆಯಬೇಕು. ನನ್ನ ನೆನಪಿಗೆ ಒಂದು ಚಟವಿದೆ, ಯಾರೋ ಆಡಿದ ಒಳ್ಳೆಯ ಮಾತನ್ನು ನಾನೇ ಆಡಿದೆ ಎಂದು ಹೇಳುವ ಚಟ. ಹಾಗಾಗಿ ಇಲ್ಲಿ ನಾನು ಜಾಣೆಯಂತೆ ಕಂಡ ಕಡೆಯಲ್ಲೆಲ್ಲ ಓದುವವರು ಸ್ವಲ್ಪ ಅನುಮಾನ ಇಟ್ಟುಕೊಳ್ಳಬಹುದು.

ಎಂಬತ್ತರ ದಶಕದ ನಡುಭಾಗ. ಪೂರ್ವ ತೀರದ ಒಂದು ಹಿಮದ ಊರಿನಲ್ಲಿ ಎರಡು ಚಳಿಗಾಲ ಕಳೆದು, ಗಂಡನ ಹೊಸ ಕೆಲಸಕ್ಕಾಗಿ ವಸಂತದಲ್ಲಿ ಇಲ್ಲಿಗೆ ಬಂದಿದ್ದೆವು. ಆ ಊರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಸೂರು ಕೈಮುಗಿದ ಹಾಗೆ ಕಡಿದಾಗಿತ್ತು. ಮೇಲೆ ಕೂತ ಹಿಮ ಬಿಸಿಲು ಬಂದಾಗ ಧೊಪ್ಪೆಂದು ಜಾರಿ ಬೀಳುತ್ತಿತ್ತು. ನನ್ನ ಗಂಡನಿಗೆ ಆ ಸದ್ದು ಬಹಳ ಇಷ್ಟ. ಉಡುಪಿ ಕಡೆಯವರು ಅವರು. ಸೂರಿನ ಮೇಲೆ ಬಿದ್ದದ್ದು, ನೀರಾಗಲಿ ಹಿಮವಾಗಲಿ, ಅಲ್ಲಿ ನಿಲ್ಲದೆ ಕೆಳಗಿಳಿದರೆ ಅವರ ಮನಸ್ಸಿಗೆ ನೆಮ್ಮದಿ. ನಾನು ವಿಜಾಪುರದವಳು. ನಮ್ಮ ಕಡೆ ಮಾಳಿಗೆ ಮನೆ. ಮಣ್ಣಿನ ದಪ್ಪ ಗೋಡೆ, ನಡುವೆ ತೆರೆದ ಅಂಗಳ, ಮೇಲೆ ಮಣ್ಣು ಹಾಕಿ ಬಡಿದ ಮಟ್ಟಸವಾದ ಸೂರು. ಬೇಸಿಗೆಯಲ್ಲಿ ಅಲ್ಲಿ ಮೆಣಸಿನಕಾಯಿ ಒಣಗುತ್ತಿತ್ತು, ರಾತ್ರಿ ನಾವು ಮಲಗುತ್ತಿದ್ದೆವು. ಧಾರವಾಡದಲ್ಲಿ ಓದುವಾಗ ಪರಿಚಯವಾಗಿ ಮದುವೆಯಾದ ನಮಗೆ ಊಟ, ಭಾಷೆ, ಹಬ್ಬ ಎಲ್ಲದರಲ್ಲೂ ಹೊಂದಾಣಿಕೆ ಆಗಿತ್ತು. ಸೂರಿನ ವಿಷಯದಲ್ಲಿ ಭಿನ್ನಾಭಿಪ್ರಾಯ ಇದೆಯೆಂದು ಗೊತ್ತಾದದ್ದು ಮನೆ ಕೊಳ್ಳಲು ಹೊರಟ ಮೇಲೆ.

ಮೇ ತಿಂಗಳ ನಡುವೆ ಅತ್ತೆ ಬಂದರು, ನವೆಂಬರ್‌ವರೆಗೆ ಇರಲು. ಅಮ್ಮ ಮಗ ಇಬ್ಬರೇ ಇದ್ದಾಗ ತುಳು. ನಾನು ಅಡುಗೆಮನೆಯಿಂದ ಹೊರಗೆ ಬಂದ ತಕ್ಷಣ ಕನ್ನಡಕ್ಕೆ ತಿರುಗುತ್ತಿದ್ದರು. ಆ ಮರ್ಯಾದೆ ಇಂದಿಗೂ ನೆನಪಿದೆ.

ನನಗೆ ಕೆಲಸ ಮಾಡಲು ಪರವಾನಗಿ ಇರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ಲೈಬ್ರರಿಗೆ ಹೋಗಿ ಈ ದೇಶದ ಮನೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಇಂಗ್ಲೆಂಡಿನಿಂದ ಬಂದವರು ತಮ್ಮ ಊರಿನ ಮರದ ಮನೆಯನ್ನೇ ಪೂರ್ವ ತೀರದಲ್ಲಿ ಕಟ್ಟಿಕೊಂಡು, ಅಲ್ಲಿನ ಚಳಿ ನೋಡಿದ ಮೇಲೆ ಒಲೆಯನ್ನು ಮನೆಯ ಮಧ್ಯಕ್ಕೆ ತಂದರಂತೆ. ಸ್ಪೇನಿನವರು ಇಲ್ಲಿ ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದ ಗೋಡೆ ಹಗಲಿನ ಸೆಖೆಯನ್ನು ಒಳಗೆ ಬಿಡುತ್ತಿರಲಿಲ್ಲವಂತೆ. ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಮನೆಗಳ ಕಿಟಕಿಗಳು ಬೀದಿಯ ಕಡೆಗೆ ಹೊಟ್ಟೆ ಮುಂದೆ ಮಾಡಿ ನಿಂತಿರುವುದು ಮಂಜಿನಲ್ಲಿ ಸಿಕ್ಕಷ್ಟು ಬೆಳಕು ಹಿಡಿಯಲಂತೆ. ಇದನ್ನೆಲ್ಲ ರಾತ್ರಿ ಊಟಕ್ಕೆ ಬಡಿಸುತ್ತ ಹೇಳುತ್ತಿದ್ದೆ.

"ಪ್ರೊಫೆಸರ್ರೇ, ಸಾರು ಹಾಕಿ," ಎನ್ನುತ್ತಿದ್ದರು ಗಂಡ.

ಮನೆ ತೋರಿಸಲು ಒಬ್ಬ ಏಜೆಂಟ್ ಇದ್ದಳು. ಎತ್ತರದ ಹೆಂಗಸು, ಉದ್ದ ಕಾರು, ಸದಾ ನಗು. ಅತ್ತೆ ಅವಳಿಗೆ ಏಜೆಂಟಮ್ಮ ಎಂದು ಹೆಸರಿಟ್ಟರು. ಅವಳಿಗೂ ಅದು ಹಿಡಿಸಿತು. ಮೊದಲು ಸರಟೋಗಾದಲ್ಲಿ ಒಂದು ಮನೆ ತೋರಿಸಿದಳು. ಹಿಮದ ಊರಿನಲ್ಲಿ ಕಂಡ ಅದೇ ಕಡಿದಾದ ಸೂರು! ನನ್ನ ಗಂಡನ ಮುಖ ಅರಳಿತು. ಅತ್ತೆ ಕುತ್ತಿಗೆ ಎತ್ತಿ ನೋಡಿ, "ಇಷ್ಟು ಕಡಿದು ಯಾಕೆ ಕೇಳು," ಎಂದರು. ನಾನು ಕೇಳಿದೆ.

"ಹಿಮ ಜಾರಿ ಹೋಗಲಿ ಅಂತ," ಎಂದಳು ಏಜೆಂಟಮ್ಮ.

"ಇಲ್ಲಿ ಹಿಮ ಬೀಳ್ತದಾ?" ಎಂದರು ಅತ್ತೆ.

"ಇಲ್ಲ. ಕಟ್ಟಿಸಿದವರು ಹಿಮದ ಕಡೆಯಿಂದ ಬಂದವರು."

ಅತ್ತೆ ಬಹಳ ಹೊತ್ತು ನಕ್ಕರು. "ಪಾಪ, ಊರು ಬಿಟ್ಟವರು. ಸೂರನ್ನು ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಕಾಣ್ತದೆ."

ಲಾಸ್ ಗ್ಯಾಟೋಸ್‌ನಲ್ಲಿ ಕೆಂಪು ಹೆಂಚಿನ, ಬಿಳಿ ಗೋಡೆಯ ಮನೆಯೊಂದನ್ನು ನೋಡಿದೆವು. "ಅಮ್ಮ, ಮಂಗಳೂರು ಹೆಂಚು!" ಎಂದು ಗಂಡ ಕಾರಿನೊಳಗಿಂದಲೇ ಕೂಗಿದರು.

"ಎಂತ ಮಂಗಳೂರು ಹೆಂಚು ಮಾರಾಯ? ಇದು ನಾಡಹೆಂಚು. ಅರ್ಧ ಕೊಳವೆ ಹಾಗೆ ಉಂಟಲ್ಲ, ನೋಡು. ನನ್ನ ತವರಲ್ಲಿ ಇದೇ ಇದ್ದದ್ದು. ಮಂಗ ಹಾರಿದರೆ ಮುಗೀತು, ವರ್ಷಾ ವರ್ಷ ಹೊದೆಸಬೇಕು. ಇಲ್ಲಿ ಮಂಗ ಉಂಟಾ, ಕೇಳು ಅವಳ ಹತ್ತಿರ."

ಏಜೆಂಟಮ್ಮ ಎಷ್ಟೋ ಬಗೆಯ ಪ್ರಶ್ನೆಗಳನ್ನು ಕೇಳಿರಬೇಕು, ಇದನ್ನು ಮಾತ್ರ ಕೇಳಿರಲಿಲ್ಲ. ಗಂಭೀರವಾಗಿ ಯೋಚಿಸಿ, "ಅಳಿಲು ಇವೆ," ಎಂದಳು. ಆ ಮನೆ ಹೇಗೂ ನಮ್ಮ ಕೈಗೆ ಎಟುಕುವಂಥದ್ದಾಗಿರಲಿಲ್ಲ.

ಆಮೇಲೆ ಸನ್ನಿವೇಲ್‌ನ ಒಂದು ಬೀದಿ. ಏಪ್ರಿಕಾಟ್ ತೋಟ ಕಡಿದು ಮಾಡಿದ ಬಡಾವಣೆ, ಹಿತ್ತಲುಗಳಲ್ಲಿ ಇನ್ನೂ ಒಂದೆರಡು ಹಳೆಯ ಮರಗಳು. ಆ ಮನೆ ಬೀದಿಗೆ ಬೆನ್ನು ಕೊಟ್ಟು ಕೂತಿತ್ತು. ಕಿಟಕಿಯೇ ಇಲ್ಲದ ಮುಂಗೋಡೆ, ಅದರಲ್ಲೊಂದು ಬಾಗಿಲು. ಬಾಗಿಲು ತೆಗೆದು ಒಳಗೆ ಹೋದರೆ ಮತ್ತೆ ಆಕಾಶ! ಮನೆಯ ನಡುವೆ ಒಂದು ಒಳಂಗಳ, ಅದರ ಸುತ್ತ ಗಾಜಿನ ಗೋಡೆಯ ಕೋಣೆಗಳು. ಮೇಲೆ ಮಟ್ಟಸವಾದ ಸೂರು, ಟಾರಿನ ಮೇಲೆ ಸಣ್ಣ ಜಲ್ಲಿ. ನಾನು ಅಲ್ಲೇ ನಿಂತುಬಿಟ್ಟೆ. ವಿಜಾಪುರದ ಮನೆಯಲ್ಲಿ ಗಾಜಿರಲಿಲ್ಲ, ಇಲ್ಲಿ ಮಣ್ಣಿರಲಿಲ್ಲ. ಹೋಲಿಕೆ ಏನೂ ಇಲ್ಲವೆಂದು ವಾದಿಸಬಹುದು. ಆದರೂ ತಲೆ ಎತ್ತಿದಾಗ ಸೂರಿನ ನೇರ ಅಂಚಿಗೆ ಚೌಕವಾಗಿ ಕತ್ತರಿಸಿದ ಆಕಾಶ ಕಂಡಿತು. ಅದನ್ನು ನಾನು ಬಲ್ಲೆ ಅನ್ನಿಸಿತು.

"ನನಗ ಈ ಮನಿ ಬೇಕ್ರಿ," ಎಂದೆ.

"ಇಳಿಜಾರೇ ಇಲ್ಲ," ಎಂದರು ಗಂಡ. "ನೀರು ಎಲ್ಲಿಗೆ ಹೋಗ್ತದೆ ಹೇಳು?"

"ನಮ್ಮ ಮಾಳಿಗಿ ಮ್ಯಾಗಿನ ನೀರು ಎಲ್ಲಿಗೆ ಹೋಗ್ತದ?"

"ನಿಮ್ಮಲ್ಲಿ ಮಳೆಯೇ ಬರುದಿಲ್ಲ, ನೀರಿನ ಪ್ರಶ್ನೆ ಎಲ್ಲಿ ಬಂತು!"

ಮನೆಯ ಯಜಮಾನ ನಿವೃತ್ತ ಶಾಲಾ ಮೇಷ್ಟ್ರು. ಮಗಳ ಮನೆಯ ಹತ್ತಿರ ಹೋಗಲಿದ್ದರು. ಸೂರು ಚೆನ್ನಾಗಿದೆ ಎಂದು ಅವರು ಹೇಳಿದರು, ತಪಾಸಣೆ ಮಾಡಿದವನೂ ಹೇಳಿದ. ನನ್ನ ಗಂಡ ಒಪ್ಪಲಿಲ್ಲ. ಮಳೆಯಲ್ಲಿ ನೋಡದೆ ಮನೆ ಕೊಳ್ಳುವುದುಂಟೇ? ಅತ್ತೆಯೂ ತಲೆಯಾಡಿಸಿದರು. "ಅದು ಹೌದು. ಒಂದು ಮಳೆ ಬರ್ಲಿ. ಜೂನ್ ಬಂತಲ್ಲ."

ಹಾಗೆ ನಾವು ಮಳೆಗೆ ಕಾದೆವು. ಇದನ್ನು ಈಗ ಬರೆಯುವಾಗ ನಗು ಬರುತ್ತದೆ, ಆಗ ನಾನು ನಿಜಕ್ಕೂ ಕಾದಿದ್ದೆ. ಅತ್ತೆ ಮಳೆಗಾಲ ಹಿಡಿಯುವುದರೊಳಗೆ ಎಂದು ಅವಸರದಲ್ಲಿ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸಿದರು. ಬಚ್ಚಲಿನಲ್ಲಿ ಬಟ್ಟೆಗೆ ಹಗ್ಗ ಕಟ್ಟಿಸಿದರು. ಕೊಡೆಯನ್ನು ಬಾಗಿಲ ಹಿಂದೆ ನೇತುಹಾಕಿದರು. ಜೂನ್‌ನಲ್ಲಿ ಇಲ್ಲಿ ಬೆಳಗ್ಗೆ ಎದ್ದರೆ ಆಕಾಶ ತುಂಬ ಬೂದುಬಣ್ಣದ ಮೋಡ. "ಬಂತು, ಬಂತು!" ಎಂದು ಅತ್ತೆ ಹಪ್ಪಳ ಒಳಗೆ ತರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೋಡವೆಲ್ಲ ಕರಗಿ ಬಿಸಿಲು. ಮತ್ತೆ ಹಪ್ಪಳ ಹೊರಗೆ. ಹೀಗೆ ಜೂನ್ ಮುಗಿಯಿತು.

ಜುಲೈನಲ್ಲಿ ಏಜೆಂಟಮ್ಮ ಫೋನ್ ಮಾಡಿದಳು. ಇನ್ನೊಂದು ಜೋಡಿ ಆ ಮನೆ ಕೇಳುತ್ತಿದೆ, ಸೋಮವಾರದೊಳಗೆ ಹೇಳಿ, ಅಷ್ಟಕ್ಕೂ ನೀವು ಯಾವುದಕ್ಕೆ ಕಾಯುತ್ತಿದ್ದೀರಿ?

"ಮಳೆಗೆ," ಎಂದೆ.

ಆ ಕಡೆಯಿಂದ ಅವಳು ಬಹಳ ಮೆತ್ತಗೆ, ಕೆಟ್ಟ ಸುದ್ದಿ ಹೇಳುವವರ ಹಾಗೆ, "ಇಲ್ಲಿ ಮಳೆ ನವೆಂಬರ್ ಹೊತ್ತಿಗೆ," ಎಂದಳು.

ಗಂಡನಿಗೆ ಇದು ನಿಜವಾಗಿಯೂ ಗೊತ್ತಿರಲಿಲ್ಲವೇ? ದಿನಾ ಪೇಪರ್ ಓದುವ ಇಂಜಿನಿಯರು, ಆಫೀಸಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಗೊತ್ತಿತ್ತು ಅಂತ ನನಗೆ ಈಗ ಅನುಮಾನ. ಮನೆ ಕೊಂಡರೆ ಇಲ್ಲೇ ನೆಲೆ ನಿಂತ ಹಾಗೆ. ಅದಕ್ಕೆ ಮನಸ್ಸಿಲ್ಲವೆಂದು ನೇರವಾಗಿ ಹೇಳಲು ಸಂಕೋಚವಾಗಿ ಮಳೆಯನ್ನು ಮುಂದೆ ಮಾಡಿದರೋ ಏನೋ. ಕೇಳಿದರೆ, "ನಿನಗೆ ಎಲ್ಲದಕ್ಕೂ ಒಳಗೊಂದು ಅರ್ಥ ಬೇಕು," ಎನ್ನುತ್ತಾರೆ.

ಆ ರಾತ್ರಿ ಊಟಕ್ಕೆ ಕೂತಾಗ ಮನೆ ಕೈತಪ್ಪಿತು ಎಂದೇ ನಾನು ತಿಳಿದೆ. ಆಗ ಪೈಪಿನ ಮಾತು ಬಂತು. ಆಕಾಶ ಕೊಡದಿದ್ದರೆ ನಲ್ಲಿ ಕೊಡುವುದಿಲ್ಲವೇ, ತೋಟದ ಪೈಪು ಹತ್ತಿಸಿ ಸೂರಿಗೆ ನೀರು ಬಿಡೋಣ ಎಂದು. ಹೇಳಿದವಳು ನಾನೇ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಡೈರಿ ನೋಡಿದರೆ, "ಅತ್ತೆ: ಪೈಪು" ಎಂದಿದೆ.

ಶನಿವಾರ ಮಧ್ಯಾಹ್ನ ನಾವೆಲ್ಲ ಹೋದೆವು. ಮೇಷ್ಟ್ರಿಗೆ ಇದು ಅವಮಾನ ಅನ್ನಿಸಬಹುದೆಂದು ನನಗೆ ಅಳುಕಿತ್ತು. ಅವರು ತಾವೇ ಏಣಿ ತಂದು ಇಟ್ಟು, ಕೆಳಗೆ ಹಿಡಿದುಕೊಂಡು ನಿಂತರು. "ನನ್ನ ಸೂರಿಗೆ ಜುಲೈನಲ್ಲಿ ಮಳೆ ಬರುವುದನ್ನು ನಾನೂ ನೋಡಬೇಕು," ಎಂದರು. ಗಂಡ ಪ್ಯಾಂಟು ಮಡಚಿ ಮೇಲೆ ಹತ್ತಿದರು. ನಾನು ಮತ್ತು ಏಜೆಂಟಮ್ಮ ಒಳಗೆ ಕೋಣೆ ಕೋಣೆಗೂ ತಲೆ ಎತ್ತಿಕೊಂಡು ಓಡಾಡಿದೆವು, ಕುರ್ಚಿ ಮೇಜುಗಳಿಗೆ ಎಡವುತ್ತ.

ಮೇಲೆ ಜಲ್ಲಿಯ ಮೇಲೆ ನೀರಿನ ಸದ್ದು. ಗಂಡ ಆ ಮೂಲೆಯಿಂದ ಈ ಮೂಲೆಗೆ ನಡೆದಂತೆ ಸದ್ದೂ ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಸೂರಿನ ಅಂಚಿನ ತಗಡಿನ ನಳಿಕೆಯಿಂದ ಒಳಂಗಳಕ್ಕೆ ಒಂದೇ ಧಾರೆಯಾಗಿ ನೀರು ಇಳಿಯಿತು. ಅತ್ತೆ ಅದರ ಪಕ್ಕ ಹೋಗಿ ನಿಂತು ಧಾರೆಗೆ ಕೈ ಒಡ್ಡಿದರು. ಅವರು ಆ ವರ್ಷ ಊರಿನ ಮಳೆಗಾಲ ಬಿಟ್ಟು ಬಂದಿದ್ದರು ಎನ್ನುವುದು ನನಗೆ ಹೊಳೆದದ್ದು ಆಗ.

ಒಳಗೆ ಎಲ್ಲೂ ಒಂದು ಹನಿ ಇಲ್ಲ. "ಇನ್ನೂ ಸ್ವಲ್ಪ ಹೊತ್ತು," ಎಂದು ಮೇಲಿನಿಂದ ದನಿ ಬಂತು.

"ಸಾಕು ಮಗಾ! ಇಲ್ಲಿ ಕೆರೆ ಆಯ್ತು!" ಎಂದು ಅತ್ತೆ ಕೂಗಿದರು.

ಒಳಂಗಳದ ತೂತಿಗೆ ಒಣಗಿದ ಎಲೆ ಕಟ್ಟಿಕೊಂಡು ನೀರು ನಿಂತಿತ್ತು. ಗಾಜಿನ ಬಾಗಿಲ ಕೆಳಗಿನಿಂದ ಮೆಲ್ಲಗೆ ಹಾಲ್‌ನೊಳಗೆ ಹರಿಯತೊಡಗಿತು. ಮೇಷ್ಟ್ರು ಏಣಿ ಬಿಟ್ಟು ಎಲೆ ತೆಗೆಯಲು ಓಡಿದರು. ಏಜೆಂಟಮ್ಮ ಚಪ್ಪಲಿ ಕಳಚಿದಳು. ಅತ್ತೆ ಸೀರೆ ಎತ್ತಿ ಸಿಕ್ಕಿಸಿ ಪೊರಕೆ ಹಿಡಿದು ನೀರು ತಳ್ಳತೊಡಗಿದರು. ಏಣಿ ಹಿಡಿಯುವವರಿಲ್ಲದೆ ಗಂಡ ಸೂರಿನ ಮೇಲೆಯೇ ನಿಂತು, "ನೋಡಿದ್ಯಾ! ನೀರು ಒಳಗೆ ಬಂತು!" ಎಂದು ಗೆದ್ದವರ ಹಾಗೆ ಹೇಳಿದರು.

ಮನೆ ಹೋಯಿತು ಎಂದುಕೊಂಡೆ.

"ಅಂಗಳ ಗುಡಿಸದಿದ್ರೆ ನೀರು ಎಲ್ಲಿಯಾದ್ರೂ ನಿಲ್ತದೆ. ಸೂರು ಸೋರಿತಾ, ಅದು ಹೇಳು ಮೊದಲು," ಎಂದರು ಅತ್ತೆ, ಮಗನ ಕಡೆ ತಲೆ ಎತ್ತಿ.

"ಸೋರಲಿಲ್ಲ."

"ಮತ್ತೆ ಎಂತ? ಹಾಗಂತ ತಗೊ ಅಂತ ನಾನು ಹೇಳುದಿಲ್ಲ. ನಾನು ನವೆಂಬರಿಗೆ ಹೋಗುವವಳು. ದಿನ ಇಡೀ ಈ ಮನೆಯಲ್ಲಿ ಇರುವವಳು ಅವಳು. ಅವಳ ಹತ್ತಿರ ಕೇಳು."

ಗಂಡ ಸೂರಿನ ಅಂಚಿಗೆ ಬಂದು, ಒದ್ದೆ ಪ್ಯಾಂಟಿನಲ್ಲಿ, ಪೈಪು ಹಿಡಿದುಕೊಂಡೇ ಬಗ್ಗಿ ನೋಡಿ ಕೇಳಿದರು. "ಬೇಕಾ ನಿನಗೆ?"

ಆ ಗಳಿಗೆಯಲ್ಲಿ ನನಗೇ ಸಂಶಯ ಬಂತು. ನನಗೆ ಬೇಕಾದದ್ದು ಈ ಮನೆಯೋ, ಚಿಕ್ಕಂದಿನ ಆ ಚೌಕದ ಆಕಾಶವೋ? ಹಿಮವಿಲ್ಲದ ಕಡೆ ಹಿಮದ ಸೂರು ಕಟ್ಟಿಸಿದವರನ್ನು ನೋಡಿ ನಾವು ನಕ್ಕಿದ್ದೆವು. ನಾನು ಮಾಡಲು ಹೊರಟದ್ದೂ ಅದೇ ಅಲ್ಲವೇ? ಆದರೆ ಇಲ್ಲಿ ಅರ್ಧ ವರ್ಷ ಮಳೆಯಿಲ್ಲ, ಮಟ್ಟಸ ಸೂರು ಈ ಹವೆಗೂ ಸಲ್ಲುತ್ತದೆ ಎಂದು ನನ್ನೊಳಗಿನ ಪ್ರೊಫೆಸರ್ ಸಮಾಧಾನ ಹೇಳಿದಳು. ಅಥವಾ ಆ ಸಮಾಧಾನವನ್ನು ಆಮೇಲೆ ಸೇರಿಸಿಕೊಂಡೆನೋ. ಬಾಯಿಂದ ಬಂದದ್ದು ಮಾತ್ರ ಖಂಡಿತ ನೆನಪಿದೆ.

"ಬೇಕ್ರಿ. ಮೊದಲು ಕೆಳಗ ಇಳೀರಿ."

ಸೆಪ್ಟೆಂಬರಿನಲ್ಲಿ ಹಾಲು ಉಕ್ಕಿಸಿದೆವು. ಅತ್ತೆ ಉಳಿದ ಹಪ್ಪಳದ ಹಿಟ್ಟನ್ನೆಲ್ಲ ಒಳಂಗಳದಲ್ಲಿ ಮುಗಿಸಿದರು. ಅವರು ಹೊರಡುವ ವಾರದಲ್ಲಿ, ಒಂದು ಮಧ್ಯಾಹ್ನ, ಗಾಳಿ ಎದ್ದು ಮಳೆ ಬಂತು. ನಿಜವಾದ ಮಳೆ. ಮೂವರೂ ಒಳಂಗಳದ ಗಾಜಿಗೆ ಮೂಗು ತಾಗಿಸಿ ನಿಂತಿದ್ದಾಗ, ಹಿಂದೆ, ಊಟದ ಮೇಜಿನ ಮೇಲೆ, ಟಪ್ ಎಂದಿತು.

"ಸೋರ್ತಾ ಉಂಟು!" ಎಂದು ಗಂಡ ಕೂಗಿದ ದನಿಯಲ್ಲಿ ಸಿಟ್ಟು ಹುಡುಕಿದರೂ ಇರಲಿಲ್ಲ. ಊರಿನಿಂದ ಯಾರೋ ಬಂದರು ಎನ್ನುವಷ್ಟು ಖುಷಿ. ಅತ್ತೆ ಪಾತ್ರೆ ತಂದಿಟ್ಟರು. ನಾನು ಮೇಷ್ಟ್ರಿಗೆ ಫೋನ್ ಮಾಡಿದೆ. "ಅಯ್ಯೋ, ಅದೊಂದು ಜಾಗ ಮರೆತೇ ಹೋಗಿತ್ತು," ಎಂದು ಅವರು ನಕ್ಕರು. "ಇಲ್ಲಿ ಮಳೆ ದಕ್ಷಿಣದಿಂದ ಗಾಳಿಯ ಜೊತೆ ಓರೆಯಾಗಿ ಬರುತ್ತದೆ. ನಿಮ್ಮ ಯಜಮಾನರು ನೆಟ್ಟಗೆ ಮೇಲಿನಿಂದ ಸುರಿದರು." ಮಾರನೆಯ ದಿನ ಅವರೇ ಟಾರಿನ ಡಬ್ಬಿ ತಂದು ಗಂಡನಿಗೆ ಸರಿಮಾಡುವುದನ್ನು ತೋರಿಸಿಕೊಟ್ಟರು.

ಆ ದಿನ ಅತ್ತೆ ಇಟ್ಟದ್ದು ಇಡ್ಲಿ ಪಾತ್ರೆ ಎಂದು ನಾನು, ಕೆಂಪು ಬಕೆಟ್ಟು ಎಂದು ಗಂಡ, ಕೆಲವು ವರ್ಷ ಜಗಳವಾಡಿದೆವು. ಕೊನೆಗೆ ಒಂದು ಭಾನುವಾರ ಊರಿಗೆ ಫೋನ್ ಮಾಡಿದಾಗ ಅತ್ತೆಯನ್ನೇ ಕೇಳಿದೆ.

"ಸೋರಿದ್ದಾ?" ಎಂದರು ಅತ್ತೆ. "ಎಂತ ಹೇಳ್ತಿ ಮಾರಾಯ್ತಿ? ಆ ಮನೆ ಸೋರ್ಲೇ ಇಲ್ಲ. ನಾವು ಪೈಪು ಹಾಕಿ ನೋಡಿ ಅಲ್ವಾ ತಗೊಂಡದ್ದು? ಇಲ್ಲಿ ಎಲ್ಲರಿಗೂ ಹಾಗೇ ಹೇಳಿದ್ದೇನೆ."

ನಾನು ರಿಸೀವರ್ ಹಿಡಿದುಕೊಂಡೇ ತಲೆ ಎತ್ತಿ ನೋಡಿದೆ. ಊಟದ ಮೇಜಿನ ಮೇಲುಗಡೆ, ಮರದ ಹಲಗೆಯಲ್ಲಿ, ಚಹದ ಕಪ್ಪಿನ ಗುರುತಿನಂಥ ಕಂದು ಉಂಗುರ ಇದ್ದೇ ಇತ್ತು.

"ಹೌದ್ರಿ ಅತ್ತಿ," ಎಂದೆ. "ಸೋರಲಿಲ್ಲ."