ಸೀಮೆಎಣ್ಣೆ ಡಿಪೋದ ತಿರುವಿನಲ್ಲಿ ನಿಂತ ಕುದುರೆ

ಈ ಕುದುರೆ ಇನ್ನು ಟಾಂಗಾಕ್ಕೆ ಬರುವುದಿಲ್ಲ, ಈ ಹುಡುಗಿ ಬಿ.ಎ. ಮುಗಿಸುವುದಿಲ್ಲ ಎಂದು ಹೇಳಿದವನು ನಮ್ಮ ಭೀಮಣ್ಣ ಕಾಕಾ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಎರಡೂ ಸುಳ್ಳಾದವು. ಅದರಲ್ಲಿ ವಿಚಿತ್ರವೇನಿಲ್ಲ, ಅದಕ್ಕಾಗಿ ನಾವು ದುಡಿದಿದ್ದೆವು. ವಿಚಿತ್ರವಾದದ್ದು ನಡೆದದ್ದು ಆಮೇಲೆ, ನಡುಹಗಲಿನಲ್ಲಿ, ಜನ ತುಂಬಿದ ರಾಯಚೂರಿನ ರಸ್ತೆಯಲ್ಲಿ. ದೆವ್ವ, ಶಕುನ, ಹೋದ ಜೀವ ತಿರುಗಿ ಬರುವುದು, ಇಂಥವನ್ನು ನಾನು ನಂಬಿದವಳಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಅಂಥ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ಈಗಲೂ ನಂಬುವುದಿಲ್ಲ, ಆದರೆ ಎದ್ದು ಹೋಗುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಸ್ಟೇಷನ್ ಮುಂದೆ ಟಾಂಗಾ ಹೊಡೆಯುತ್ತಿದ್ದ. ಮೊದಲೆರಡು ವರ್ಷ ನನ್ನನ್ನು ಕಾಲೇಜಿಗೆ ಮುಟ್ಟಿಸಿದ್ದು ನಮ್ಮ ಹಳೆಯ ಕುದುರೆ ಚಾಂದ್. ಆದರೆ ಗೇಟಿನವರೆಗೆ ಅಲ್ಲ. ಗೇಟಿಗಿಂತ ಸ್ವಲ್ಪ ಮೊದಲು, ಸೀಮೆಎಣ್ಣೆ ಡಿಪೋದ ತಿರುವಿನಲ್ಲಿ ಅಪ್ಪ ಲಗಾಮು ಜಗ್ಗುತ್ತಿದ್ದ. “ಕಾಲೇಜಿನ ಗಂಟಿಗೆ ಚಾಂದ್ ಬೆದರ್ತದವ್ವಾ, ಇಲ್ಲೇ ಇಳಿ” ಎಂದು ಮೊದಲ ದಿನ ಹೇಳಿದ್ದ. ಚಾಂದ್ ಸ್ಟೇಷನ್ನಿನಲ್ಲೇ ಮುದಿಯಾದ ಕುದುರೆ. ರೈಲಿನ ಇಂಜಿನ್ ಕಿವಿಯ ಹತ್ತಿರ ಸೀಟಿ ಹಾಕಿದರೂ ಹುಲ್ಲು ಮೇಯುವುದನ್ನು ಬಿಡುತ್ತಿರಲಿಲ್ಲ. ಅದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೇಟಿನ ಹತ್ತಿರ ವಕೀಲರ ಮಕ್ಕಳು, ಅಡತಿ ವ್ಯಾಪಾರಿಗಳ ಮಕ್ಕಳು ನಿಂತಿರುತ್ತಿದ್ದರು. ಗೇಟಿನ ತನಕ ನಡಿ ಎಂದು ನಾನು ಒಂದು ದಿನವೂ ಅನ್ನಲಿಲ್ಲ.

ನಾನು ಇಳಿಯುವವರೆಗೆ ಚಾಂದ್ ಕತ್ತನ್ನು ಎಡಕ್ಕೆ ಹೊರಳಿಸಿ, ಒಂದು ಮುಂಗಾಲಿನ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ಊರಿ ಕಾಯುತ್ತಿತ್ತು. ಇಳಿದ ಕೂಡಲೇ ಅಪ್ಪ ಹೇಳದಿದ್ದರೂ ತಾನೇ ಸ್ಟೇಷನ್ ಕಡೆಗೆ ತಿರುಗುತ್ತಿತ್ತು. ಇದು ನಮ್ಮ ಮೂವರನ್ನು ಬಿಟ್ಟರೆ ಯಾರಿಗೂ ತಿಳಿಯದು. ಅವ್ವನಿಗೂ.

ಕೊನೆಯ ವರ್ಷ ಶುರುವಾಗುವ ಮೊದಲೇ ಚಾಂದ್ ಹೊಟ್ಟೆನೋವು ಬಂದು ಸತ್ತಿತು. ಟಾಂಗಾ ಅಂಗಳದಲ್ಲಿ ಮೂತಿ ನೆಲಕ್ಕೆ ಹಚ್ಚಿ ಬಿದ್ದುಕೊಂಡಿತು. ಇನ್ನೊಂದು ಕುದುರೆ ಸಿಗದಿದ್ದರೆ ನಾನು ಕಾಲೇಜು ಬಿಟ್ಟು ಹತ್ತಿ ಜಿನ್ನಿನ ಕಾರ್ಖಾನೆಗೆ ಕೂಲಿಗೆ ಹೋಗಬೇಕೆಂದು ಮನೆಯಲ್ಲಿ ಮಾತು ಎದ್ದಿತ್ತು.

ಆ ದಿನಗಳಲ್ಲೇ ನಾನೂ ಅಪ್ಪನೂ ಮಾನ್ವಿಯ ನೆಂಟರ ಮನೆಗೆ ಹೋಗಿ ಬರುವಾಗ ಊರ ಹೊರಗೆ ಜಾಲಿ ಗಿಡದ ಕೆಳಗೆ ಒಂದು ಮುದಿ ಕುದುರೆ ಕಂಡಿತು. ಮೂರೇ ಕಾಲಿನ ಮೇಲೆ ನಿಂತಿತ್ತು. ಲಾರಿ ತಾಗಿ ಹಿಂದಿನ ತೊಡೆ ಸೀಳಿತ್ತು, ಗಾಯಕ್ಕೆ ನೊಣ ಮುತ್ತಿದ್ದವು. ದೇವದುರ್ಗದ ಕಡೆಯ ಅರಿವೆ ವ್ಯಾಪಾರಿಯೊಬ್ಬರು ಸಂತೆಯಿಂದ ಸಂತೆಗೆ ಗಂಟು ಹೇರುತ್ತಿದ್ದ ಕುದುರೆಯಂತೆ, ಉಳಿಯುವುದಿಲ್ಲವೆಂದು ಬಿಟ್ಟು ಹೋಗಿದ್ದರಂತೆ. ಚಹಾದಂಗಡಿಯವನು ಹೇಳಿದ. ಅಪ್ಪ ಬಂದ ಬಸ್ಸನ್ನು ಬಿಟ್ಟ. ರಾಯಚೂರಿನ ಕಡೆ ಹೊರಟ ಖಾಲಿ ಲಾರಿಯೊಂದನ್ನು ಕೈಮುಗಿದು ನಿಲ್ಲಿಸಿ, ಹೊಲದ ಬದುವಿಗೆ ಹಿಂಬದಿ ತಗುಲಿಸಿ ಕುದುರೆಯನ್ನು ಹತ್ತಿಸಿಕೊಂಡ.

ವಯಸ್ಸಾದ ಕುದುರೆ ನೆಲ ಹಿಡಿದರೆ ಮತ್ತೆ ಏಳುವುದು ಕಷ್ಟ. ಅದಕ್ಕೆ ಗೋಣಿಚೀಲಗಳನ್ನು ಕೂಡಿಸಿ ಹೊಲಿದು, ಹೊಟ್ಟೆಯ ಕೆಳಗೆ ಜೋಲಿಯಂತೆ ತೂರಿಸಿ, ಹಗ್ಗವನ್ನು ಅಂಗಳದ ಬೇವಿನ ಕೊಂಬೆಗೆ ಬಿಗಿದೆವು. ಗೋಣಿಚೀಲ ತಂದುಕೊಟ್ಟವನು ಅಕ್ಕಿ ಗಿರಣಿಯ ಹಮಾಲಿಯಾಗಿದ್ದ ಭೀಮಣ್ಣ ಕಾಕಾನೇ. ತಂದು ಕೊಟ್ಟು ನಗೆಯಾಡಿದ. “ತೊಟ್ಲಾಗ ಹಾಕೀರಿ, ಜೋಗುಳನೂ ಹಾಡ್ರಿ. ಯಣ್ಣಾ, ಈ ಕುದುರಿ ಗಾಡಿ ಎಳದು, ನಿನ್ನ ಮಗಳು ಬಿ.ಎ. ಪಾಸಾದ್ಲಂದ್ರ ನಾನೇ ಟಾಂಗಾ ಹೊಡಕೊಂಡು ಕಾಲೇಜಿನ ಗೇಟಿನ ತನಕ ಬಿಟ್ಟು ಬರ್ತೀನಿ ನೋಡು.”

ದನದ ದವಾಖಾನೆಯ ಡಾಕ್ಟರು ಬಂದು ಹೊಲಿಗೆ ಹಾಕಿದರು. ಬೇವಿನೆಲೆ ಕುದಿಸಿದ ನೀರಿನಲ್ಲಿ ಗಾಯ ತೊಳೆಯುವುದು ನನ್ನ ಪಾಲಿಗೆ ಬಂತು. ಅಪ್ಪ ಸ್ಟೇಷನ್ನಿನಲ್ಲಿ ಮೂಟೆ ಹೊತ್ತ. ನಾನು ನಡೆದೇ ಕಾಲೇಜಿಗೆ ಹೋದೆ, ಆ ಬೇವಿನ ಕೆಳಗೇ ಕೂತು ಓದಿದೆ. ಮೊದಮೊದಲು ನೀರೂ ಮುಟ್ಟದಿದ್ದ ಕುದುರೆ ಒಂದು ಮುಂಜಾನೆ ನೋವಿನ ಕಾಲನ್ನು ತಾನಾಗಿ ಊರಿತು. ಆಮೇಲೆ ಅಪ್ಪ ಅದನ್ನು ಗುಂಜಹಳ್ಳಿಯ ಕಡೆ ಮೆತ್ತನೆಯ ಹೊಲದ ದಾರಿಯಲ್ಲಿ ನಡೆಸಿಕೊಂಡು, ಕೊನೆಕೊನೆಗೆ ಟಾಂಗಾಕ್ಕೆ ಹೂಡಿಕೊಂಡು ಬರುತ್ತಿದ್ದ. ಊರೊಳಗೆ ಒಮ್ಮೆಯೂ ಒಯ್ಯಲಿಲ್ಲ. ಅದಕ್ಕೆ ಹೆಸರನ್ನೂ ಇಡಲಿಲ್ಲ, ‘ದೇವದುರ್ಗದ್ದು’ ಅನ್ನುತ್ತಿದ್ದ, ಅಷ್ಟೇ.

ನಾನು ಪಾಸಾದೆ. ಸರ್ಟಿಫಿಕೇಟ್ ಕೊಡುವ ದಿನ ಕಾಕಾ ತನ್ನ ಮಾತು ತಾನೇ ನೆನಪಿಸಿಕೊಂಡು ಬಂದ. ದೇವದುರ್ಗದ್ದನ್ನು ಅಂದೇ ಮೊದಲ ಸಲ ಊರೊಳಗೆ ಹೂಡಿದ್ದು. ಲಗಾಮು ಕಾಕಾನ ಕೈಯಲ್ಲಿ, ಅಪ್ಪ ಅವನ ಪಕ್ಕದಲ್ಲಿ, ನಾನು ಹಿಂದೆ. ಕಾಕಾ ಯಾವತ್ತೂ ಕಾಲೇಜಿನ ಕಡೆ ಬಂದವನಲ್ಲ.

ಡಿಪೋದ ತಿರುವಿಗೆ ಬಂದೊಡನೆ ಕುದುರೆ ನಿಂತಿತು.

ಕಾಕಾ ಲಗಾಮು ಅಲುಗಿಸಿದ, ನಾಲಿಗೆ ಲೊಚಗುಟ್ಟಿದ, ಇಳಿದು ಹಳೆಯ ಗಾಯ ಮುಟ್ಟಿ ನೋಡಿದ. ಕಾಲು ಸರಿಯಾಗಿಯೇ ಇತ್ತು. “ಸೀಮೆಣ್ಣಿ ಡಿಪೋ ಮುಂದ ನಿಂತದಲ್ಲ, ತಾನೂ ಲಾರಿ ಅನ್ಕೊಂಡದೇನು?” ಎಂದ. ಯಾರೋ ನಕ್ಕರು. ನಾನು ಹೊರಳಿ ನೋಡಿದೆ. ಕುದುರೆ ಕತ್ತನ್ನು ಎಡಕ್ಕೆ ಹೊರಳಿಸಿತ್ತು. ಒಂದು ಮುಂಗಾಲಿನ ಗೊರಸಿನ ತುದಿಯನ್ನಷ್ಟೇ ಊರಿತ್ತು. ನಾನು ಇಳಿಯಲೆಂದು ಕಾಯುತ್ತಿತ್ತು.

ಆಯಾಸವಾಗಿ ನಿಂತಿರಬಹುದು ಎಂದು ನೀವು ಅನ್ನಬಹುದು. ನಾನೂ ಹಾಗೆ ಅಂದುಕೊಂಡು ನೋಡಿದ್ದೇನೆ. ಚಾಂದ್‌ನ ವಾಸನೆ ಉಳಿದಿತ್ತೇ ಎಂದರೆ ನಡುವೆ ಒಂದು ಮಳೆಗಾಲ ಕಳೆದಿತ್ತು. ಇವೆರಡು ಕುದುರೆಗಳು ಒಂದನ್ನೊಂದು ಕಂಡೇ ಇರಲಿಲ್ಲ. ಆದರೆ ಆ ಹೊತ್ತಿನಲ್ಲಿ ಇದ್ಯಾವುದೂ ನನ್ನ ತಲೆಯಲ್ಲಿರಲಿಲ್ಲ. ಮೈಯೆಲ್ಲ ನಾಚಿಕೆಯಿಂದ ಸುಡುತ್ತಿತ್ತು. ಅಪ್ಪ ನನ್ನ ಕಡೆ ನೋಡಲಿಲ್ಲ. ತನ್ನ ಅಂಗೈಗಳನ್ನು ನೋಡುತ್ತ ಕೂತಿದ್ದ. ಆ ಕುದುರೆ ನಮ್ಮಿಬ್ಬರನ್ನು ನಡುಬೀದಿಯಲ್ಲಿ ಬೆತ್ತಲೆ ನಿಲ್ಲಿಸಿದಂತಾಗಿತ್ತು.

ಕಾಕಾ ಚಾಬೂಕು ಎತ್ತಿದ. “ಹೊಡಿಬ್ಯಾಡ ಕಾಕಾ, ನಾ ಇಳೀತೀನಿ” ಎಂದೆ.

ನನ್ನ ಕಾಲು ನೆಲಕ್ಕೆ ಹತ್ತಿದ್ದೇ ತಡ, ಕುದುರೆ ತಾನಾಗಿ ಸ್ಟೇಷನ್ನಿನ ಕಡೆ ತಿರುಗತೊಡಗಿತು. ಅಪ್ಪನನ್ನು ಕರೆದುಕೊಂಡು ಹೊರಟಿತ್ತು. ನಾನು ಓಡಿ ಹೋಗಿ ಬಾಯಿಯ ಹತ್ತಿರದ ಪಟ್ಟಿ ಹಿಡಿದೆ, ಮುಖವನ್ನು ಕಾಲೇಜಿನ ಕಡೆ ತಿರುಗಿಸಿದೆ. “ಅಪ್ಪಾ, ಗೇಟಿನ ತನಕ ಹೋಗೂನು” ಎಂದೆ. ಕುದುರೆ ನನ್ನ ಹಿಂದೆ ಬಂತು.

ಎಲ್ಲರೂ ನೋಡಿದರು. ನಾವು ಗೇಟಿನಲ್ಲಿ ನಿಂತಾಗಲೇ ಕಾಲೇಜಿನ ಗಂಟೆ ಹೊಡೆಯಿತು. ಕುದುರೆ ಕಿವಿಯನ್ನೂ ಅಲುಗಿಸಲಿಲ್ಲ. ಅಪ್ಪ ಗಂಟೆಯ ಕಡೆ ನೋಡಿ ತಲೆ ತಗ್ಗಿಸಿದ.

ಆಫೀಸಿನಿಂದ ಹೊರಬಂದು ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ. ಮೊದಲು ಹೆಗಲ ಮೇಲಿನ ವಲ್ಲಿಗೆ ಕೈ ಒರೆಸಿಕೊಂಡು, ಆಮೇಲೆ ಹಿಡಿದ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ, ಕಾಕಾನಿಗೆ ಕೇಳದ ಹಾಗೆ, ತಪ್ಪು ಮಾಡಿದವರ ದನಿಯಲ್ಲಿ ಹೇಳಿದ.

“ನಾ ಆ ಕುದುರಿಗೆ ಏನೂ ಹೇಳಿಲ್ಲವ್ವಾ.”