ಊದಲಾರದವರ ಲೆಕ್ಕ

ಮೇಡಂ ಯಾರ ಮಾತು ಕೇಳುವಾಗಲೂ ಅವರ ಮುಖ ನೋಡುತ್ತಿರಲಿಲ್ಲ. ಎಡಗಿವಿ ಮಂದವಾಗಿದ್ದರಿಂದ ಬಲಗಿವಿಯನ್ನು ಮಾತಾಡುವವರ ಕಡೆ ಒಡ್ಡಿ, ನೆಲ ನೋಡುತ್ತ, ತುಟಿ ಬಿಗಿದು ನಿಲ್ಲುತ್ತಿದ್ದರು. ಮೊದಲ ಸಲ ಕಂಡವರಿಗೆ ಈಕೆ ಸಿಟ್ಟಾಗಿದ್ದಾರೆ ಎನಿಸಬೇಕು. ಬಶೀರಾಬಾದಿನಿಂದ ಬಸ್ಸು ಬದಲಿಸಿ ಜಹೀರಾಬಾದಿಗೆ ಕೆಲಸ ಕೇಳಲು ಹೋದ ದಿನ ನನಗೂ ಹಾಗೇ ಅನಿಸಿತ್ತು. ನಾನು ಓದಿದ್ದನ್ನೆಲ್ಲ ಒಪ್ಪಿಸಿ ಮುಗಿಸಿದ ಮೇಲೆ ಅವರು ನೆಲ ನೋಡುತ್ತಲೇ ಕೇಳಿದರು, "ಅದೆಲ್ಲ ಇರಲಿ ತಂಗಿ. ಕನ್ನಡ, ತೆಲುಗು, ಉರ್ದು ಮೂರೂ ಮಾತಾಡಾಕ ಬರ್ತದೇನು? ಹಂಗಾದ್ರ ನಾಳಿಂದ ಬಾ."

ಅವರು ಜಹೀರಾಬಾದಿನ ಕಾಳಿನ ವ್ಯಾಪಾರಿಯ ಮಗಳು. ಶ್ವಾಸಕೋಶದ ವೈದ್ಯೆ. ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕಲಿಸಿದವರು. ಅಲ್ಲಿನ ಹಲವು ದೇಶಗಳ ವಿಶ್ವವಿದ್ಯಾಲಯಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿದ್ದವು. ಸಂಶೋಧನೆಯನ್ನು ಎಲ್ಲರೂ ಒಂದೇ ಬಗೆಯಲ್ಲಿ ಮಾಡಬೇಕು, ಸಿಕ್ಕಿದ್ದನ್ನು ಹಂಚಿಕೊಳ್ಳಬೇಕು ಎಂಬುದು ಅದರ ಉದ್ದೇಶ. ಕಲ್ಲಿನ ಧೂಳಿನಲ್ಲಿ ದುಡಿಯುವವರ ಉಸಿರನ್ನು ಅಳೆಯುವ ಅಧ್ಯಯನಕ್ಕೆ ನಿಯಮ ಬರೆದ ಸಮಿತಿಯಲ್ಲಿ ಮೇಡಂ ಮುಖ್ಯರಾಗಿದ್ದರು. ಅಲ್ಲಿನ ಗಣಿಗಳ ಜೊತೆ ನಮ್ಮ ತಾಂಡೂರಿನ ಕಲ್ಲು ಪಾಲಿಶ್ ಶೆಡ್ಡುಗಳೂ ಸೇರಲಿ ಎಂದು ಹಟ ಹಿಡಿದು, ಅದಕ್ಕಾಗಿಯೇ ಊರಿಗೆ ಮರಳಿದ್ದರು.

ನಿಯಮದ ವಿಷಯದಲ್ಲಿ ಅವರು ಬಲು ಬಿಗಿ. ಧೂಳಿನ ಕೆಲಸ ಮಾಡದವರ ಉಸಿರನ್ನೂ ಹೋಲಿಕೆಗೆಂದು ನಾರಾಯಣಖೇಡದ ರೈತರಲ್ಲಿ ಅಳೆಯುತ್ತಿದ್ದೆವು. ಅಲ್ಲಿ ನಾನು ಕೆಲವರನ್ನು ಕೂರಿಸಿ, ಕೆಲವರನ್ನು ನಿಲ್ಲಿಸಿ ಉಸಿರಳೆಯುವ ಯಂತ್ರದ ಕೊಳವೆಗೆ ಊದಿಸಿದ್ದೆ ಎಂದು ತಿಳಿದಾಗ ಮತ್ತೆ ನಾರಾಯಣಖೇಡಕ್ಕೇ ಅಟ್ಟಿದರು. "ಒಬ್ಬೊಬ್ಬರು ಒಂದೊಂದು ಪಡಿಯಿಂದ ಅಳದ್ರ ಕಾಳು ಎಷ್ಟದ ಅಂತ ಯಾರಿಗಿ ತಿಳೀತದ? ಎಲ್ಲರನ್ನೂ ಕೂಡಿಸಿ ಊದಸು, ಹೋಗು" ಅಂದರು. ಬೈದ ದಿನವೇ ಮಧ್ಯಾಹ್ನ ತಮ್ಮ ಬುತ್ತಿಯ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕುವುದೂ ಅವರ ರೂಢಿ.

ತಾಂಡೂರಿನ ಒಂದು ಶೆಡ್ಡಿನ ಹಿಂದಿನ ಸಾಲುಮನೆಯಲ್ಲಿ ಒಬ್ಬ ಕಾರ್ಮಿಕನನ್ನು ನೋಡಿದೆವು. ವಯಸ್ಸು ಹೆಚ್ಚಲ್ಲ, ಆದರೆ ಹೆಗಲ ಮೂಳೆಗಳು ಅಂಗಿಯೊಳಗಿಂದ ಎದ್ದು ಕಾಣುತ್ತಿದ್ದವು. ಯಂತ್ರದ ಕೊಳವೆಯನ್ನು ಬಾಯಿಗಿಟ್ಟು ಊದಲು ಹೋದರೆ ಕೆಮ್ಮು ನುಗ್ಗಿ ಬರುತ್ತಿತ್ತು. ಸರಿಯಾಗಿ ಊದಲಾಗದವರನ್ನು ಅಧ್ಯಯನದಿಂದ ಬಿಡಬೇಕು ಎಂದು ನಿಯಮವಿತ್ತು. ನಾನು ಯಂತ್ರ ಮುಚ್ಚತೊಡಗಿದಾಗ ಅವನ ಹೆಂಡತಿ ಮೇಡಂ ಕೈ ಹಿಡಿದಳು.

"ಇನ್ನೊಮ್ಮಿ ನೋಡ್ರಿ ಡಾಕ್ಟರಮ್ಮ. ಇವತ್ತು ಮುಂಜಾನಿಂದ ಭಾಳ ಕೆಮ್ಯಾರ. ನಾಳಿ ಊದ್ತಾರ. ಬಿಟ್ಟು ಹೋಗಬ್ಯಾಡ್ರಿ."

ಮರುದಿನವೂ ಹೋದೆವು. ಆಗಲಿಲ್ಲ. ನಿಯಮದಂತೆ ಬಿಟ್ಟೆವು.

ಕೆಲವು ತಿಂಗಳ ಬಳಿಕ ಮೊದಲ ಫಲಿತಾಂಶ ಬಂತು. ತಾಂಡೂರಿನ ಪಾಲಿಶ್ ಕಾರ್ಮಿಕರ ಉಸಿರು ನಾರಾಯಣಖೇಡದ ರೈತರದ್ದಕ್ಕಿಂತ ಅಂಥದ್ದೇನೂ ಕಡಿಮೆ ಇರಲಿಲ್ಲ. ನಾನು ಖುಷಿಪಟ್ಟೆ. ಮೇಡಂ ಕಂಪ್ಯೂಟರ್ ಮುಂದೆ ಕುಳಿತವರು ಏಳಲೇ ಇಲ್ಲ. ಕೊನೆಗೆ ಕೇಳಿದರು, "ನಾವು ಬಿಟ್ಟು ಬಂದವರು ಯಾರ್ಯಾರು, ನೆನಪದೇನು?" ನಾನು ಹೇಳುತ್ತ ಹೋದೆ. ಹೇಳುತ್ತ ಹೇಳುತ್ತ ನನಗೂ ಹೊಳೆಯಿತು. ಎದೆ ಕೆಟ್ಟವರೆಲ್ಲ ಹೊರಗುಳಿದು, ಗಟ್ಟಿ ಇದ್ದವರಷ್ಟೇ ಒಳಗಿದ್ದರು.

ಒಕ್ಕೂಟದ ಸಭೆ ಪರದೆಯ ಮೇಲೆ ನಡೆಯಿತು. ಊದಲಾರದವರನ್ನೂ ಕಾರಣಸಹಿತ ಲೆಕ್ಕಕ್ಕೆ ಸೇರಿಸಬೇಕು, ಎಲ್ಲ ದೇಶಗಳಲ್ಲೂ ಸೇರಿಸಬೇಕು ಎಂದು ಮೇಡಂ ಕೇಳಿದರು. ಅವರ ಜೊತೆ ವರ್ಷಗಟ್ಟಲೆ ದುಡಿದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಬೇಸರದಿಂದಲೇ ಹೇಳಿದರು: ಈ ನಿಯಮ ಬರೆದವರು ನೀವೇ, ನಡುವೆ ಬದಲಿಸಿದರೆ ಇದುವರೆಗಿನ ಕೆಲಸವೆಲ್ಲ ಏನಾಗಬೇಕು? ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. "ಬರೆದವಳು ನಾನೇ. ತಪ್ಪು ಬರೆದೆ" ಎಂದು ಮೇಡಂ ಇಂಗ್ಲಿಷಿನಲ್ಲಿ ಹೇಳಿದರು. ನಿಯಮ ಬದಲಾಗುವವರೆಗೆ ತಾಂಡೂರಿನ ಅಂಕಿಗಳನ್ನು ಕೊಡುವುದಿಲ್ಲ ಎಂದೂ ಹೇಳಿದರು. ಹಂಚಿಕೊಳ್ಳಬೇಕು ಎಂದು ಎಲ್ಲರಿಗೂ ಬೋಧಿಸಿದವರೇ ಈಗ ಕೊಡುವುದಿಲ್ಲ ಅಂದಿದ್ದರು.

ಸಮಿತಿಯಿಂದ ಅವರನ್ನು ಬಿಡಿಸಿದರು. ಹಳೆಯ ಸ್ನೇಹಿತರ ಫೋನುಗಳು ನಿಂತವು. ನಮ್ಮ ಕೆಲಸವೂ ಉಳಿಯುತ್ತದೋ ಇಲ್ಲವೋ ಎಂಬಂತಾಯಿತು. ಒಂದು ದಿನ ತಡೆಯಲಾರದೆ, "ಕೊಟ್ಟುಬಿಡ್ರಲ್ಲ ಮೇಡಂ" ಅಂದೆ.

"ಕೊಟ್ರ ಏನಾಗ್ತದ ಗೊತ್ತದೇನು? ತಾಂಡೂರಿನ ಧೂಳಿಂದ ಏನೂ ಆಗಂಗಿಲ್ಲ ಅಂತ ಅಚ್ಚಾಗ್ತದ. ಕೆಳಗ ಅಷ್ಟೂ ದೊಡ್ಡ ವಿಶ್ವವಿದ್ಯಾಲಯಗಳ ಹೆಸರು ಇರ್ತಾವ. ಆಮ್ಯಾಲ ಅಲ್ಲ ಅನ್ನೋರು ಯಾರು, ನೀನಾ?"

ಬಿಟ್ಟುಬಂದವರ ಮನೆಗಳಿಗೆ ಮತ್ತೆ ಹೋಗೋಣವೆಂದು ಹೊರಟೆವು. ಆ ಕಾರ್ಮಿಕ ತೀರಿಕೊಂಡಿದ್ದ. ಹೆಂಡತಿ ಚಾಪೆ ಹಾಸಿ ಕೂರಿಸಿ, ನೀರು ಕೊಟ್ಟು ಕೇಳಿದಳು, "ನಮ್ಮವರದು ಬರ್ಕೊಂಡಿದ್ರೇನ್ರಿ ಡಾಕ್ಟರಮ್ಮ?"

ಹೌದು ಎಂದರೆ ಅವಳಿಗೆ ಸಮಾಧಾನವಾಗುತ್ತಿತ್ತು. ನಾನಾಗಿದ್ದರೆ ಹಾಗೇ ಹೇಳಿಬಿಡುತ್ತಿದ್ದೆ.

"ಇಲ್ಲವ್ವ. ಬರಕೊಂಡಿಲ್ಲ" ಎಂದರು ಮೇಡಂ.

ಅವಳು ಅಳಲಿಲ್ಲ, ಬೈಯಲಿಲ್ಲ, ಲೋಟ ತೆಗೆದುಕೊಂಡು ಒಳಗೆ ಹೋದಳು. ಮೇಡಂ ಬಾಗಿಲ ಕಡೆ ನೋಡುತ್ತ ಬಹಳ ಹೊತ್ತು ಚಾಪೆಯ ಮೇಲೇ ಕುಳಿತಿದ್ದರು.

ಮುಂದೆ ಒಕ್ಕೂಟದ ಇನ್ನೊಂದು ದೇಶದ ಗಣಿಯಲ್ಲೂ ಇಂಥದ್ದೇ ಕಂಡುಬಂತು. ಅಲ್ಲಿಯವರು ಹೇಳಿದ ಮೇಲೆ ನಿಯಮ ಬದಲಾಯಿತು. ಬದಲಾಯಿಸಬೇಕೆಂದು ಮೊದಲು ಕೇಳಿದವರು ಯಾರೆಂದು ಅದರಲ್ಲೆಲ್ಲೂ ಇರಲಿಲ್ಲ. ಸುದ್ದಿ ಬಂದಾಗ ಮೇಡಂ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಬಲಗಡೆ ಕುಳಿತು ಓದಿ ಹೇಳಿದೆ.

"ಹಿಂದಿನವರು?" ಎಂದು ಕೇಳಿದರು.

"ಇಲ್ರಿ ಮೇಡಂ. ಇನ್ನು ಮುಂದಿನವರಿಗಷ್ಟೇ."

"ಹಂಗಾದ್ರ ಅರ್ಧಾ ಆತು" ಅಂದರು. ಅದೇ ವಾರ ಹೋಗಿಬಿಟ್ಟರು.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಕಲಿಸುತ್ತೇನೆ. ಎಲ್ಲರನ್ನೂ ಕೂರಿಸಿಯೇ ಊದಿಸಬೇಕು ಎಂದು ನಾನೂ ಬಿಗಿಯಾಗಿಯೇ ಹೇಳುತ್ತೇನೆ. ತಾಂಡೂರಿಗೆ ಹೋದಾಗಲೆಲ್ಲ ಆ ಹೆಂಗಸಿನ ಮನೆಗೂ ಹೋಗುತ್ತೇನೆ. ಅವಳ ಗಂಡ ಇನ್ನೂ ಯಾವ ಲೆಕ್ಕದಲ್ಲೂ ಇಲ್ಲ. ಮೇಡಂ ಇದ್ದಿದ್ದರೆ ಹೋಗುತ್ತಿದ್ದರು, ಅದಕ್ಕೆ ಹೋಗುತ್ತೇನೆ.