ಓದಿಸದೆ ಒತ್ತದ ಹೆಬ್ಬೆಟ್ಟು

ರಂಗಕ್ಕನ ಹೆಬ್ಬೆಟ್ಟು ಬೇಕೆಂದರೆ ಮೊದಲು ಹಾಳೆಯನ್ನು ಓದಿ ಹೇಳಬೇಕಿತ್ತು. ಅರ್ಧ ಓದಿದರೆ ನಡೆಯದು. ಕೊನೆಯ ಸಾಲಿನವರೆಗೂ ಓದಿಸಿ, ಓದಿದವನ ಮುಖವನ್ನೊಮ್ಮೆ ನೋಡಿ, ಆಮೇಲೆ ಕೈ ಮುಂದೆ ಚಾಚುತ್ತಿದ್ದಳು. ಒತ್ತಿದ ಮೇಲೆ ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುವುದು ಅವಳ ಅಭ್ಯಾಸ.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯ ಒಂದು ಸಣ್ಣ ಊರು ಅವಳದು. ಕೂಲಿ ಮಾಡುತ್ತಿದ್ದಳು. ಮೀಸಲು ಸ್ಥಾನದಿಂದ ಒಂದು ಸಲ ಗ್ರಾಮ ಪಂಚಾಯಿತಿ ಸದಸ್ಯೆಯೂ ಆಗಿದ್ದಳು. ಅಲ್ಲಿ ಗ್ರಾಮಸಭೆ ನಡೆಸುವ ಕ್ರಮವೇ ಬೇರೆ. ನೀರು ಬಿಡುವ ಸಿದ್ದಪ್ಪ ಸಭೆಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಖಾಲಿ ಪುಟಕ್ಕೆ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬರುತ್ತಿದ್ದ. ಸಭೆಯಲ್ಲಿ ಏನು ತೀರ್ಮಾನವಾಯಿತೆಂಬುದನ್ನು ಆಮೇಲೆ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದರು. ರಂಗಕ್ಕನ ಬಾಗಿಲಲ್ಲಿ ಮಾತ್ರ ಪುಸ್ತಕ ನಿಂತುಬಿಡುತ್ತಿತ್ತು.

“ಏನ್ ಬರ್ದಾರೆ, ಓದಪ್ಪ.”

“ಇನ್ನೂ ಬರ್ದಿಲ್ಲ ಕಣಕ್ಕ. ಒತ್ತಿದ್ಮ್ಯಾಲೆ ಬರೀತಾರೆ.”

“ಹಂಗಾರೆ ಬರ್ದ್ಮ್ಯಾಲೆ ಬಾ. ನಾನೆಲ್ಲಿಗ್ ಹೋಗ್ತೀನಿ, ಇಲ್ಲೇ ಕುಂತಿರ್ತೀನಿ.”

ಒಮ್ಮೆ ಹಿಂದಿನ ಪುಟವನ್ನು ಓದಿಸಿದಾಗ, ಹಾಜರಿದ್ದವರ ಪಟ್ಟಿಯಲ್ಲಿ ಅವಳ ಸತ್ತ ಭಾವನ ಹೆಸರೂ ಬಂತು. ಪುಸ್ತಕವನ್ನು ಕಸಿದುಕೊಂಡು ನೇರ ಅಧ್ಯಕ್ಷರ ಮನೆಗೆ ಹೋದಳಂತೆ. “ಭಾವ ಸತ್ತು ಎಲ್ಡು ವರ್ಸ ಆತ್ರಿ. ಸಭೆಗೆ ಬಂದೋನು ಮನೀಗ್ ಯಾಕ್ ಬರ್ಲಿಲ್ಲ, ಒಸಿ ಕೇಳಿ ಹೇಳ್ರಿ.”

ನಾನು ಆಗ ಹೊಸದುರ್ಗದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಎರಡು ಸಾವಿರದ ಇಸವಿಯ ಆಚೀಚಿನ ದಿನಗಳು. ಬಸ್‌ಸ್ಟ್ಯಾಂಡಿನ ಹತ್ತಿರ ಇಂಟರ್‌ನೆಟ್ಟಿನ ಒಂದು ಕೋಣೆ ತೆರೆದಿತ್ತು. ಪ್ರಜಾಪ್ರಭುತ್ವವನ್ನು ಅಧ್ಯಯನ ಮಾಡುವವರಿಗೆ ವಿದೇಶದ ಒಂದು ಸಂಸ್ಥೆ ಫೆಲೋಶಿಪ್ ಕೊಡುತ್ತದೆಂದು ಅಲ್ಲೇ ಓದಿದೆ. ಎಲ್ಲಿಗೂ ಹೋಗಬೇಕಿಲ್ಲ, ಇದ್ದಲ್ಲಿಂದಲೇ ಬರೆದು ಕಳಿಸಬಹುದು. ಓದಿದವನೊಬ್ಬ, ಊರಿನಲ್ಲಿ ಖುದ್ದು ಕೆಲಸ ಮಾಡಿದವರೊಬ್ಬರು ಜೊತೆಯಾಗಿರಬೇಕು. ಸತ್ತ ಭಾವನ ಕತೆ ಕೇಳಿ ಆಗಲೇ ಪರಿಚಯ ಮಾಡಿಕೊಂಡಿದ್ದ ರಂಗಕ್ಕನ ಹೆಸರನ್ನು ನನ್ನ ಹೆಸರಿನ ಪಕ್ಕ ಬರೆದೆ. ವಿಷಯ ತಿಳಿಸಿದಾಗ ಅವಳು ಬಹಳ ಹೊತ್ತು ನಕ್ಕಳು.

“ಅವ್ರು ಇಲ್ಲಿಗ್ ಬರಲ್ಲ, ನೀವು ಅಲ್ಲಿಗ್ ಹೋಗಲ್ಲ, ಆದ್ರೂ ಎಲ್ಲಾರೂ ಕೂಡಿ ಕಲ್ತಂಗೆ ಲೆಕ್ಕ. ನಮ್ ಗ್ರಾಮಸಭೆ ಇದ್ದಂಗೇ ಐತಲ್ರಿ ಮೇಷ್ಟ್ರೆ.”

ಆ ಮಾತನ್ನು ಮೊದಲ ವರದಿಯಲ್ಲಿ ನನ್ನದೇ ಎಂಬಂತೆ ಹಾಕಿದೆ. ಅಲ್ಲಿಯವರು ಬಹಳ ಮೆಚ್ಚಿಕೊಂಡರು.

ಒಂದು ವರ್ಷ ಭಾನುವಾರಗಳಲ್ಲಿ ಅವಳ ಜಗಲಿಯ ಮೇಲೆ ಕೂತು ಬರೆದುಕೊಂಡೆ. ಯಾವ ಖಾಲಿ ಪುಟದಿಂದ ಯಾರಿಗೆ ಸರ್ಕಾರಿ ಮನೆ ಸಿಕ್ಕಿತು, ಎಲ್ಲ ಹೇಳಿದಳು. ಅದರಲ್ಲಿ ಅವಳ ಬೀದಿಯವರೂ ಇದ್ದರು. “ಪಾಪ, ಗುಡಿಸ್ಲಾಗ್ ಇದ್ದೋರು, ಒತ್ಯಾರೆ. ಅವ್ರ ಹೆಸ್ರು ಹಾಕ್ಬ್ಯಾಡ್ರಿ. ನಂದೂ ಬ್ಯಾಡ,” ಎಂದಳು. ಹಾಕುವುದಿಲ್ಲವೆಂದೆ.

ಕೊನೆಗೆ ಸಂಸ್ಥೆಯಿಂದ ಪತ್ರ ಬಂತು. ಊರು, ಹೆಸರು ಇದ್ದರೆ ವರದಿಗೆ ತೂಕ ಬರುತ್ತದೆ, ಮೊದಲು ಅದನ್ನೇ ಪ್ರಕಟಿಸುತ್ತೇವೆ, ನಿಮ್ಮ ಜೊತೆಗಾರರ ಒಪ್ಪಿಗೆ ಕಳಿಸಿ ಎಂದಿತ್ತು. ನಾನು ಒಂದು ಬಿಳಿ ಹಾಳೆ, ಮಸಿಯ ಡಬ್ಬಿ ತೆಗೆದುಕೊಂಡು ಹೋದೆ.

“ಕೆಳಗೆ ಒತ್ತು ರಂಗಕ್ಕ. ಇಂಗ್ಲಿಷಿನ ಒಪ್ಪಿಗೆ ಪತ್ರ, ಪೇಟೆಗೆ ಹೋಗಿ ಮೇಲ್ಗಡೆ ಪ್ರಿಂಟ್ ಹಾಕಿಸ್ತೀನಿ.”

ಅವಳು ಹಾಳೆಯನ್ನು ತಿರುಗಿಸಿ ನೋಡಿದಳು. ನನ್ನ ಮುಖ ನೋಡಿದಳು. “ನೀವು ಅಂತ ಒತ್ತೀನಿ,” ಎಂದಳು.

ವರದಿ ಎಲ್ಲ ಹೆಸರುಗಳ ಸಮೇತ ಇಂಟರ್‌ನೆಟ್ಟಿನಲ್ಲಿ ಪ್ರಕಟವಾಯಿತು. ನನಗೆ ಹೊಗಳಿಕೆಯ ಪತ್ರಗಳು ಬಂದವು. ಪೇಟೆಯಲ್ಲಿ ಯಾರೋ ಅದನ್ನು ಪ್ರಿಂಟ್ ಹಾಕಿಸಿ ಮೇಲಿನವರಿಗೆ ದೂರು ಕೊಟ್ಟರು. ತನಿಖೆ ನಡೆದು ಮನೆಗಳ ಪಟ್ಟಿ ರದ್ದಾಯಿತು. ಅಧ್ಯಕ್ಷರ ಕೂದಲೂ ಕೊಂಕಲಿಲ್ಲ. ರಂಗಕ್ಕನ ಬೀದಿಯಲ್ಲಿ ಏಳು ಮನೆ ಪಾಯದಲ್ಲೇ ನಿಂತವು. ಬೀದಿಯವರು ಕೂಲಿಗೆ ಹೋಗುವಾಗ ಅವಳನ್ನು ಜೊತೆಗೆ ಕರೆಯುವುದನ್ನು ಬಿಟ್ಟರು, ನಲ್ಲಿಯ ಮುಂದೆ ಅವಳ ಕೊಡವನ್ನು ಪಕ್ಕಕ್ಕೆ ನೂಕಿದರು.

ಅವಳು ಕಾಲೇಜಿಗೆ ಬಂದಳು. ಸಹೋದ್ಯೋಗಿಗಳೆಲ್ಲ ಕೂತಿದ್ದ ಹೊತ್ತು. ಬಾಗಿಲಲ್ಲೇ ನಿಂತು ಕೇಳಿದಳು: “ನಮ್ಮೋರ ಹೆಸ್ರು ಯಾಕ್ ಹಾಕಿದ್ರಿ ಮೇಷ್ಟ್ರೆ?”

ತಪ್ಪಾಯಿತು ಎನ್ನಬಹುದಿತ್ತು. ನಾಲ್ಕು ಜನರೆದುರು ನನ್ನ ಮಾನ ಹೋಗುತ್ತದೆಂದು ಮೇಜಿನ ಡ್ರಾಯರ್ ತೆರೆದು ಆ ಹಾಳೆಯ ಪ್ರತಿಯನ್ನು ತೋರಿಸಿದೆ. “ನೀನೇ ಒತ್ತಿದ್ದೀಯಲ್ಲ ರಂಗಕ್ಕ. ನೋಡು, ನಿಂದೇ ಹೆಬ್ಬೆಟ್ಟು.” ನನ್ನಷ್ಟು ನೀಚ ಆ ಪಂಚಾಯಿತಿಯಲ್ಲಿ ಒಬ್ಬನೂ ಇರಲಿಲ್ಲ. ಅವಳು ಅದನ್ನು ಓದಿ ಹೇಳೆಂದು ಕೇಳಲಿಲ್ಲ. “ಹೌದ್ರಿ, ನಂದೇ,” ಎಂದು ಹೊರಟುಹೋದಳು.

ಮೂರು ವರ್ಷದ ಮೇಲೆ ವಿದ್ಯಾರ್ಥಿಗಳಿಗೆ ಗ್ರಾಮಸಭೆ ತೋರಿಸಲು ಅದೇ ಊರಿಗೆ ಹೋಗಿದ್ದೆ. ತನಿಖೆಯ ನಂತರ ಸಭೆಯನ್ನು ಶಾಲೆಯ ಅಂಗಳದಲ್ಲೇ ಸೇರಿಸುತ್ತಿದ್ದರು. ರಂಗಕ್ಕ ಗೋಡೆಗೊರಗಿ ಒಬ್ಬಳೇ ಕೂತಿದ್ದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಸಿದ್ದಪ್ಪ ಪುಸ್ತಕ ಹಿಡಿದು ಅವಳ ಮುಂದೆ ಬಂದು, ಹಳೆಯ ರೂಢಿಯಂತೆ ತಾನಾಗಿಯೇ ಹೇಳಿದ: “ಇನ್ನೂ ಬರ್ದಿಲ್ಲ ಕಣಕ್ಕ. ಬರ್ದ್ಮ್ಯಾಲೆ ತಂದು ಓದ್ಲೇನು?”

“ಬ್ಯಾಡ. ಎಲ್ಲಿ ಒತ್ಬೇಕು, ತೋರ್ಸು.”

ಅವನು ತೋರಿಸಿದಲ್ಲಿ ಒತ್ತಿ, ಬೆರಳನ್ನು ತಲೆಗೆ ಒರೆಸಿಕೊಂಡಳು. ಬಿಳಿಗೂದಲಲ್ಲಿ ಮಸಿ ಎದ್ದು ಕಾಣುತ್ತಿತ್ತು. ಮುಂದಿನ ಬೇಸಿಗೆಗೆ ಅವಳು ತೀರಿಕೊಂಡಳಂತೆ. ನಾನು ನೋಡಿದ ಆ ಕೊನೆಯ ದಿನ ಅವಳು ನನ್ನ ಕಡೆ ತಿರುಗಲಿಲ್ಲ. ನಾನೂ ಹತ್ತಿರ ಹೋಗಲಿಲ್ಲ.